ಹೊಸ ಲ್ಯಾಪ್‌ಟಾಪ್: ಬಿಲ್ಲಿನಲ್ಲಿ ಕಾಣದ ಖರ್ಚು

ಸರಕಿಗಿಂತ ಮೊದಲು ಸರಕಿನ ಚಿತ್ರವೇ ಗಿರಾಕಿಯನ್ನು ತಲುಪುವ ಕಾಲವಿದು. ಇಳಕಲ್ಲಿನ ಸೀರೆಯಾಗಲಿ, ಗುಳೇದಗುಡ್ಡದ ಖಣವಾಗಲಿ, ಚನ್ನಪಟ್ಟಣದ ಆಟಿಕೆಯಾಗಲಿ, ಇಂದು ಮೊದಲು ಮೊಬೈಲಿನ ಪರದೆಯ ಮೇಲೆ ಮಾರಾಟವಾಗಿ ಆನಂತರ ಪಾರ್ಸೆಲ್ ಆಗಿ ಹೊರಡುತ್ತದೆ. ಆದ್ದರಿಂದ ಛಾಯಾಚಿತ್ರಗಳನ್ನು ತಿದ್ದಿ ಸಿದ್ಧಪಡಿಸುವ ಕೆಲಸವು ಸ್ಟುಡಿಯೋಗಳಿಗೆ ಮಾತ್ರ ಸೇರಿದ್ದೆಂಬ ಭಾವನೆ ಹಳೆಯದಾಯಿತು. ಜವಳಿ ಅಂಗಡಿಯ ಮಾಳಿಗೆಯಲ್ಲಿ, ಸಣ್ಣ ಕಾರ್ಖಾನೆಯ ಉಗ್ರಾಣದ ಮೂಲೆಯಲ್ಲಿ, ಆಭರಣದ ಮಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಲ್ಯಾಪ್‌ಟಾಪು ಮತ್ತು ಅದರ ಮುಂದೆ ಕುಳಿತ ಒಬ್ಬ ಯುವಕ ಅಥವಾ ಯುವತಿ ಕಾಣಸಿಗುವುದು ಈಗ ಸಾಮಾನ್ಯ.

ಆ ಮೇಜಿನ ಮೇಲಿನ ಯಂತ್ರವನ್ನು ಬದಲಿಸುವ ಅನಿವಾರ್ಯತೆ ಇತ್ತೀಚೆಗೆ ಬಹಳ ಮಂದಿಗೆ ಒಟ್ಟಾಗಿ ಒದಗಿತು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಸುರಕ್ಷತಾ ಅಂಗವಿಲ್ಲದ ಯಂತ್ರಗಳನ್ನು ಒಪ್ಪುವುದಿಲ್ಲ. ಹೀಗಾಗಿ ಇನ್ನೂ ನಾಲ್ಕು ವರ್ಷ ದುಡಿಯಬಹುದಾಗಿದ್ದ ಎಷ್ಟೋ ಗಣಕಯಂತ್ರಗಳು ಒಮ್ಮೆಲೇ ಮುದಿಯಾದವು. ವರ್ತಕರು ಅಂಗಡಿಗೆ ಹೋದರು, ಬೆಲೆ ವಿಚಾರಿಸಿದರು, ಚೌಕಾಸಿ ಮಾಡಿದರು, ಕೊಂಡು ತಂದರು. ಲೆಕ್ಕದ ಪುಸ್ತಕದಲ್ಲಿ ಅದು ಒಂದು ಸಾಲಿನಲ್ಲಿ ಮುಗಿಯಿತು.

ವಾಸ್ತವದಲ್ಲಿ ಖರ್ಚು ಆರಂಭವಾಗುವುದು ಆ ಸಾಲಿನ ನಂತರ. ಚಿತ್ರ ತಿದ್ದುವ ಕೆಲಸಕ್ಕೆ ತಂದ ಹೊಸ ಲ್ಯಾಪ್‌ಟಾಪು ಕೈಗೆ ಹೊಂದಿಕೊಳ್ಳಲು ಹಿಡಿಯುವ ಮೂರು ನಾಲ್ಕು ವಾರಗಳಲ್ಲಿ ಆಗುವ ನಷ್ಟವು ಯಾವ ಖಾತೆಯಲ್ಲಿಯೂ ಕಾಣಿಸುವುದಿಲ್ಲ. ಅದು ಹಿಂದಿರುಗಿ ಬಂದ ಸೀರೆಗಳಲ್ಲಿ, ಎರಡನೆಯ ಸಲ ಮುದ್ರಿಸಿದ ಆಲ್ಬಮ್ಮುಗಳಲ್ಲಿ, ಮಾತು ತಪ್ಪಿದ ತಾರೀಖುಗಳಲ್ಲಿ ಹಂಚಿಹೋಗಿರುತ್ತದೆ. ಖಾತೆಯಲ್ಲಿ ಕಾಣದ ಖರ್ಚನ್ನು ಯಾರೂ ಹತೋಟಿಯಲ್ಲಿಡಲು ಯತ್ನಿಸುವುದಿಲ್ಲ ಎಂಬುದೇ ಇಲ್ಲಿನ ತೊಂದರೆ.

ಇದರಲ್ಲಿ ಮೊದಲನೆಯದು ಮತ್ತು ಅತಿ ದೊಡ್ಡದು ಬಣ್ಣದ ಪ್ರಶ್ನೆ. ಕಿರಾಣಿ ವರ್ತಕನು ಹೊಸ ತಕ್ಕಡಿ ತಂದ ದಿನವೇ ಅದರಲ್ಲಿ ತೂಗಲು ತೊಡಗುವುದಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ಮೇಲೆಯೇ ಅದು ವ್ಯಾಪಾರಕ್ಕೆ ಅರ್ಹ. ವಿದ್ಯುನ್ಮಾನ ತಕ್ಕಡಿಯಾದರೆ 12 ತಿಂಗಳಿಗೊಮ್ಮೆ ಮರುಪರಿಶೀಲನೆಯೂ ಆಗಬೇಕು. ಚಿತ್ರದ ವ್ಯಾಪಾರದಲ್ಲಿ ಲ್ಯಾಪ್‌ಟಾಪಿನ ಪರದೆಯೇ ತಕ್ಕಡಿ. ಕೆಂಪು ಎಷ್ಟು, ಹಸಿರು ಎಷ್ಟು, ಬೆಳಕು ಎಷ್ಟು ಎಂಬುದನ್ನು ತೂಗುವುದು ಅದರ ಮೇಲೆಯೇ. ಆದರೆ ಈ ತಕ್ಕಡಿಗೆ ಮುದ್ರೆ ಹಾಕಿಸಬೇಕೆಂಬ ಯೋಚನೆ ನೂರರಲ್ಲಿ ಐದು ಮಂದಿಗೂ ಬರುವಂತೆ ತೋರುವುದಿಲ್ಲ.

ಎರಡು ಲ್ಯಾಪ್‌ಟಾಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೇ ಚಿತ್ರವನ್ನು ತೆರೆದರೆ ಎರಡು ಬಣ್ಣ ಕಾಣುವುದು ಯಾರಿಗೂ ಹೊಸದಲ್ಲ. ಕಾರಣವೂ ಸರಳ. ಅಂತರಜಾಲ, ಮೊಬೈಲು ಮತ್ತು ಸಾಮಾನ್ಯ ಮುದ್ರಣಾಲಯಗಳೆಲ್ಲ ಬಹುಪಾಲು ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯನ್ನು ಅನುಸರಿಸುತ್ತವೆ. ಇದನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ರೂಪಿಸಿದವು. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ 'ಶೇ. 45 ಎನ್‌ಟಿಎಸ್‌ಸಿ' ಎಂದು ಬರೆದಿರುತ್ತದೆ. ಅದರ ಅರ್ಥ ಆ ಪರದೆಯು ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಶೇ. 60ರಿಂದ 65ರಷ್ಟನ್ನು ಮಾತ್ರ ತೋರಿಸಬಲ್ಲದು ಎಂದು. ಪೂರ್ಣ ಎಸ್‌ಆರ್‌ಜಿಬಿ ಬೇಕಾದರೆ ಸುಮಾರು ಶೇ. 72 ಎನ್‌ಟಿಎಸ್‌ಸಿ ಇರಬೇಕು. ಮಾರಾಟಗಾರನು ಪ್ರೊಸೆಸರಿನ ಹೆಸರನ್ನು ಹತ್ತು ಸಲ ಹೇಳುತ್ತಾನೆ. ಈ ಅಂಕಿಯನ್ನು ಕೇಳಿದರೂ ಹೇಳುವುದಿಲ್ಲ.

ಈಗ ಇಳಕಲ್ಲಿನ ದಾಳಿಂಬರಿ ಕೆಂಪಿನ ಸೆರಗನ್ನು ತೆಗೆದುಕೊಳ್ಳಬಹುದು. ಬಣ್ಣದ ಬಡತನವಿರುವ ಪರದೆಯ ಮೇಲೆ ಆ ಕೆಂಪು ಮಾಸಿದಂತೆ ತೋರುತ್ತದೆ. ತಿದ್ದುವ ನೌಕರನು ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಬಣ್ಣ ಏರಿಸುತ್ತಾನೆ. ಅವನ ಕಣ್ಣಿಗೆ ಸರಿಯಾದದ್ದು ದೂರದ ಊರಿನ ಗಿರಾಕಿಯ ಮೊಬೈಲಿನಲ್ಲಿ ಕಣ್ಣು ಕುಕ್ಕುವ ಕೆಂಪಾಗಿ ಕಾಣುತ್ತದೆ. ಸೀರೆ ತಲುಪಿದಾಗ ಆ ಹೆಣ್ಣುಮಗಳು ಚಿತ್ರದಲ್ಲಿ ಕಂಡ ಬಣ್ಣ ಇದಲ್ಲವೆಂದು ಹಿಂದಿರುಗಿಸುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಇದಕ್ಕೆ ವಿರುದ್ಧವಾದ ಪ್ರಕರಣವೂ ಉಂಟು. ಈಚಿನ ಓಎಲ್‌ಇಡಿ ಪರದೆಗಳು ಎಸ್‌ಆರ್‌ಜಿಬಿಗಿಂತಲೂ ವಿಸ್ತಾರವಾದ ಬಣ್ಣಗಳನ್ನು ತೋರಿಸುತ್ತವೆ. ಅಳತೆಗೆ ಒಳಪಡಿಸದೆ ಬಿಟ್ಟರೆ ಸಾಧಾರಣ ಚಿತ್ರವೂ ಅವುಗಳ ಮೇಲೆ ಜಗಜಗಿಸುತ್ತದೆ. ನೌಕರನು ಬಣ್ಣ ಇಳಿಸುತ್ತಾನೆ, ಗಿರಾಕಿಯು ಮಂಕಾದ ಸೀರೆಯನ್ನು ನೋಡಿ ಮುಂದಿನ ಅಂಗಡಿಗೆ ಹೋಗುತ್ತಾಳೆ. ಹಿಂದಿರುಗಿದ ಸೀರೆಯಾದರೂ ಲೆಕ್ಕಕ್ಕೆ ಸಿಗುತ್ತದೆ. ನೋಡಿ ಮುಂದೆ ಹೋದ ಗಿರಾಕಿಯ ಲೆಕ್ಕವನ್ನು ಯಾವ ಲೆಕ್ಕ ಪರಿಶೋಧಕನೂ ಬರೆಯಲಾರ.

ಬೆಳಕಿನ ವಿಷಯದಲ್ಲಿಯೂ ಇದೇ ಗತಿ. ಮುದ್ರಣಕ್ಕೆ ಹೋಗುವ ಚಿತ್ರವನ್ನು ತಿದ್ದುವಾಗ ಪರದೆಯ ಬೆಳಕು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇರಬೇಕೆಂಬುದು ರೂಢಿಯ ಮಾತು. ಹೊಸ ಲ್ಯಾಪ್‌ಟಾಪುಗಳು 300, 400 ಅಥವಾ ಅದಕ್ಕಿಂತಲೂ ಹೆಚ್ಚು ಬೆಳಗುತ್ತವೆ. ಅಷ್ಟು ಬೆಳಕಿನಲ್ಲಿ ಚೆನ್ನಾಗಿ ಕಂಡ ಮದುವೆಯ ಚಿತ್ರವು ಆಲ್ಬಮ್ಮಿನಲ್ಲಿ ಕಪ್ಪಾಗಿ ಬರುತ್ತದೆ. ಸ್ಟುಡಿಯೋದವರು ಆಲ್ಬಮ್ ಮುದ್ರಿಸಿದವರ ಮೇಲೆ ದೂರು ಹೇಳುತ್ತಾರೆ, ಮುದ್ರಿಸಿದವರು ಕಡತವೇ ಹಾಗಿತ್ತೆನ್ನುತ್ತಾರೆ. ಹಲವು ವರ್ಷಗಳ ವ್ಯವಹಾರ ಸಂಬಂಧಗಳು ಇಂತಹ ಚಿಕ್ಕ ಕಾರಣಕ್ಕೆ ಕೆಡುತ್ತವೆ. ಇದರೊಂದಿಗೆ, ಸಂಜೆಯಾದ ಕೂಡಲೇ ಪರದೆಯನ್ನು ಹಳದಿಯಾಗಿಸುವ 'ನೈಟ್ ಲೈಟ್' ಮತ್ತು ಚಿತ್ರಕ್ಕೆ ತಕ್ಕಂತೆ ತಾನೇ ಬೆಳಕನ್ನು ಏರಿಳಿಸುವ ವಿದ್ಯುತ್ ಉಳಿತಾಯದ ಸೌಲಭ್ಯಗಳು ಹೊಸ ಯಂತ್ರದಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಬೆಳಿಗ್ಗೆ ತಿದ್ದಿದ ಚಿತ್ರಕ್ಕೂ ಸಂಜೆ ತಿದ್ದಿದ ಚಿತ್ರಕ್ಕೂ ಹೊಂದಿಕೆಯಿಲ್ಲದಿರುವುದಕ್ಕೆ ನೌಕರನ ಕಣ್ಣನ್ನು ದೂರುವ ಮುನ್ನ ಇವೆರಡನ್ನೂ ನಿಲ್ಲಿಸಿ ನೋಡುವುದು ಒಳಿತು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಸರಿಯಾದ ಪರಿಹಾರವೆಂದರೆ ಪರದೆಯ ಮೇಲಿಟ್ಟು ಬಣ್ಣವನ್ನು ಅಳೆಯುವ ಉಪಕರಣ. ಡೇಟಾಕಲರ್, ಕ್ಯಾಲಿಬ್ರೈಟ್ ಮೊದಲಾದ ಕಂಪನಿಗಳು ಇವನ್ನು ತಯಾರಿಸುತ್ತವೆ. ಅದು ಪರದೆಯು ತೋರಿಸುವ ಬಣ್ಣಗಳನ್ನು ಅಳೆದು, ಎಷ್ಟು ತಪ್ಪಿದೆಯೋ ಅಷ್ಟನ್ನು ಸರಿದೂಗಿಸುವ ಒಂದು ಕಡತವನ್ನು ಯಂತ್ರದಲ್ಲಿ ಇರಿಸುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ. ಪರದೆಯ ಬಣ್ಣ ಕಾಲಕ್ರಮದಲ್ಲಿ ಸರಿಯುವುದರಿಂದ ತಿಂಗಳಿಗೊಮ್ಮೆ ಪುನಃ ಮಾಡಿದರೆ ಉತ್ತಮ. ಬಣ್ಣದ ಬಡತನವನ್ನು ಈ ಉಪಕರಣವೂ ನೀಗಲಾರದು ಎಂಬುದು ನಿಜ. ಪರದೆಗೆ ಇಲ್ಲದ ಬಣ್ಣವನ್ನು ಯಾರೂ ತಂದುಕೊಡಲಾರರು. ಆದರೆ ಇರುವ ಬಣ್ಣವು ಸುಳ್ಳು ಹೇಳದಂತೆ ಅದು ನೋಡಿಕೊಳ್ಳುತ್ತದೆ. ತಿಂಗಳಿಗೆ ಹತ್ತು ನಿಮಿಷ ಬಳಸುವ ವಸ್ತುವಿಗೆ ಸಣ್ಣ ವರ್ತಕನೊಬ್ಬನೇ ಹಣ ಹಾಕಲು ಹಿಂಜರಿಯುವುದು ಸಹಜ. ವಾಣಿಜ್ಯೋದ್ಯಮ ಸಂಸ್ಥೆಗಳು ಇಂತಹ ಒಂದು ಉಪಕರಣವನ್ನು ತಮ್ಮ ಕಚೇರಿಯಲ್ಲಿರಿಸಿ, ಅದರ ಪರವಾನಗಿಯ ಷರತ್ತುಗಳನ್ನು ನೋಡಿಕೊಂಡು, ಸದಸ್ಯರ ಯಂತ್ರಗಳನ್ನು ಅಲ್ಪ ಶುಲ್ಕಕ್ಕೆ ಅಳೆದುಕೊಡುವ ಏರ್ಪಾಡು ಮಾಡುವುದು ಯೋಗ್ಯ. ವಿಚಾರಗೋಷ್ಠಿಗಳಿಗೆ ಮಾಡುವ ವೆಚ್ಚದ ಒಂದಂಶ ಇದಕ್ಕೆ ಸಾಕು.

ಉಪಕರಣ ದೊರೆಯುವವರೆಗೆ ಅಂಕಿಗಳ ಮೊರೆ ಹೋಗಬಹುದು. ಪರದೆ ಮೋಸ ಮಾಡೀತು, ಅಂಕಿ ಮಾಡದು. ಉದಾಹರಣೆಗೆ ಅಮೆಜಾನ್ ಮಾರಾಟ ತಾಣವು ಸರಕಿನ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆಯನ್ನು, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255 ಇರುವುದನ್ನು ಬಯಸುತ್ತದೆ. ಹಿನ್ನೆಲೆಯ ಮೇಲೆ ಬಣ್ಣ ಅಳೆಯುವ ಸಲಕರಣೆಯನ್ನಿಟ್ಟು ಮೂರು ಅಂಕಿಗಳನ್ನು ಓದಿದರೆ ಪರದೆ ಹಳದಿಯಿರಲಿ ನೀಲಿಯಿರಲಿ ಉತ್ತರ ಒಂದೇ. ಹಾಗೆಯೇ ಸರಕಿನ ಪಕ್ಕದಲ್ಲಿ ಒಂದು ಬೂದು ಕಾರ್ಡನ್ನಿಟ್ಟು ಮೊದಲ ಚಿತ್ರ ತೆಗೆದು, ಆ ಬೂದು ಬಣ್ಣದ ಮೂರು ಅಂಕಿಗಳೂ ಸಮವಾಗುವಂತೆ ತಿದ್ದಿ, ಅದೇ ತಿದ್ದುಪಡಿಯನ್ನು ಉಳಿದವಕ್ಕೆ ಅನ್ವಯಿಸುವುದು ಹಳೆಯ ಛಾಯಾಗ್ರಾಹಕರ ಕ್ರಮ. ತಿದ್ದಿ ಮುಗಿದ ಚಿತ್ರವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಉಳಿಸುವುದನ್ನು ಮರೆಯಬಾರದು. ಇಲ್ಲವಾದರೆ ಮೇಲಿನ ಶ್ರಮವೆಲ್ಲ ಗಿರಾಕಿಯ ಮೊಬೈಲಿನಲ್ಲಿ ಮಂಕಾಗುತ್ತದೆ.

ಇನ್ನು ಕೈಯ ಅಭ್ಯಾಸದ ಮಾತು. ದಿನಕ್ಕೆ 100 ಚಿತ್ರಗಳನ್ನು ತಿದ್ದಿ ಮುಗಿಸುವ, ತಿಂಗಳಿಗೆ 24 ಕೆಲಸದ ದಿನಗಳಿಗೆ 24,000 ರೂಪಾಯಿ ಸಂಬಳ ಪಡೆಯುವ ನೌಕರನೊಬ್ಬನನ್ನು ಉದಾಹರಣೆಗೆ ಊಹಿಸಬಹುದು. ಚಿತ್ರವೊಂದಕ್ಕೆ ಸಂಬಳದ ಖರ್ಚು 10 ರೂಪಾಯಿ. ಹೊಸ ಯಂತ್ರದಲ್ಲಿ ಕೀಲಿಗಳ ಸ್ಥಾನ ಬೇರೆ, ಸ್ಪರ್ಶಫಲಕ ಬೇರೆ, ಪರದೆಯ ಮೇಲಿನ ಅಕ್ಷರದ ಗಾತ್ರ ಬೇರೆ. ಮೊದಲ ವಾರ ಅವನು ದಿನಕ್ಕೆ 40, ಎರಡನೆಯ ವಾರ 60, ಮೂರನೆಯ ವಾರ 80 ಚಿತ್ರಗಳನ್ನು ಮುಗಿಸಿದನೆಂದುಕೊಂಡರೆ, ವಾರಕ್ಕೆ 6 ದಿನದಂತೆ ಕಡಿಮೆಯಾದ ಚಿತ್ರಗಳು 720. ಸಂಬಳದ ಲೆಕ್ಕವಷ್ಟೇ 7,200 ರೂಪಾಯಿ. ಯಂತ್ರ ಕೊಳ್ಳುವಾಗ ಎರಡು ಸಾವಿರ ರೂಪಾಯಿಗಾಗಿ ಮೂರು ಅಂಗಡಿ ಸುತ್ತಿದ ಮಾಲೀಕರು ಈ ಮೊತ್ತವನ್ನು ಗಮನಿಸುವುದಿಲ್ಲ. ಅದರ ಬದಲು 'ಹೊಸ ಯಂತ್ರ ತಂದುಕೊಟ್ಟರೂ ಕೆಲಸ ಮೊದಲಿಗಿಂತ ನಿಧಾನ' ಎಂದು ನೌಕರನನ್ನು ಗದರಿಸುತ್ತಾರೆ. ಮೂರು ವಾರಗಳ ನಿಧಾನವು ಆಲಸ್ಯವಲ್ಲ, ಅದು ಯಂತ್ರದ ಬೆಲೆಯ ಒಂದು ಭಾಗ. ಹೊರಗಿನ ದೊಡ್ಡ ಪರದೆ, ಹಳೆಯ ಕೀಲಿಮಣೆ, ಹಳೆಯ ಮೌಸುಗಳನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟರೆ ಈ ಅವಧಿ ಸಾಕಷ್ಟು ಕಿರಿದಾಗುತ್ತದೆ.

ಬಹಳ ಕಡೆಗಳಲ್ಲಿ ನಡೆಯುವುದೇ ಬೇರೆ ಎಂಬುದನ್ನೂ ಹೇಳಬೇಕು. ಹೊಸ ಲ್ಯಾಪ್‌ಟಾಪು ಮಾಲೀಕರ ಮೇಜಿಗೆ ಹೋಗುತ್ತದೆ, ಮಾಲೀಕರ ಹಳೆಯದು ಚಿತ್ರ ತಿದ್ದುವವನಿಗೆ ಬರುತ್ತದೆ. ಪತ್ರ ಓದಲು, ಟ್ಯಾಲಿಯಲ್ಲಿ ಬಾಕಿ ನೋಡಲು ಒಳ್ಳೆಯ ಪರದೆ ಬೇಕಾಗಿಲ್ಲ. ದುಡಿಯುವ ಎತ್ತಿಗೆ ಮೇವು ಹಾಕಬೇಕಾದುದು ಕೃಷಿಕನಿಗೆ ಗೊತ್ತು, ವರ್ತಕನಿಗೆ ಗೊತ್ತಿಲ್ಲವೇ!

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ತೊಡಕುಂಟು. ಮದುವೆಯ ಆಲ್ಬಮ್ಮು, ಅಂಗಡಿಯ ಕರಪತ್ರ, ಫ್ಲೆಕ್ಸು ಮೊದಲಾದವುಗಳ ಮೇಲಿನ ಕನ್ನಡ ಅಕ್ಷರಗಳು ಹಲವೆಡೆ ಇಂದಿಗೂ ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳನ್ನು ಹೊಸ ಯಂತ್ರಕ್ಕೆ ತಾರದಿದ್ದರೆ ಹಳೆಯ ಕಡತದಲ್ಲಿ ವಧೂವರರ ಹೆಸರು ತೆರೆದ ತಕ್ಷಣ ಸರಿಯಾಗಿಯೇ ಕಾಣುತ್ತದೆ. ತಿದ್ದಲು ಮುಟ್ಟಿದ ಕ್ಷಣವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡುವವರಿಗೆ ಬೇರೆ ಬಗೆಯ ಕಷ್ಟ. ಫೋಟೋಶಾಪಿನ ಹಲವು ಆವೃತ್ತಿಗಳಲ್ಲಿ ಅಕ್ಷರಗಳಿಗೆ ಸಂಬಂಧಿಸಿದ ಆಯ್ಕೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ, ಅಥವಾ 'ವರ್ಲ್ಡ್ ರೆಡಿ' ಎಂಬುದಕ್ಕೆ ಬದಲಿಸದಿದ್ದರೆ ಒತ್ತಕ್ಷರಗಳು ಒಡೆದು ನಿಲ್ಲುತ್ತವೆ. ಹಳೆಯ ಯಂತ್ರದಲ್ಲಿ ಯಾರೋ ಎಂದೋ ಈ ಆಯ್ಕೆಯನ್ನು ಮಾಡಿಟ್ಟಿರುತ್ತಾರೆ. ಹಾಗೆ ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ. ಲೈಟ್‌ರೂಮ್ ಬಳಸುವವರು ಚಿತ್ರಗಳನ್ನು ಮಾತ್ರ ನಕಲಿಸಿ ಅದರ ಕ್ಯಾಟಲಾಗ್ ಕಡತವನ್ನು ಬಿಟ್ಟುಬಂದರೆ, ಬೇರೆಡೆ ಉಳಿಸದೆ ಇದ್ದ ತಿದ್ದುಪಡಿಗಳೆಲ್ಲ ಹಳೆಯ ಯಂತ್ರದಲ್ಲಿಯೇ ಉಳಿಯುತ್ತವೆ. ಸಿದ್ಧಪಡಿಸಿಟ್ಟ ಆಕ್ಷನ್ನುಗಳು, ಬ್ರಷ್ಷುಗಳು, ಮುದ್ರಣಾಲಯದವರು ಕೊಟ್ಟ ಬಣ್ಣದ ಕಡತಗಳು ಇವೆಲ್ಲ ಸರಕಿನ ದಾಸ್ತಾನಿದ್ದಂತೆ. ಗೋದಾಮು ಬದಲಿಸುವಾಗ ದಾಸ್ತಾನು ಪಟ್ಟಿ ಮಾಡದೆ ಲಾರಿಗೆ ತುಂಬುವವರಿಲ್ಲ. ಇಲ್ಲಿಯೂ ಮೊದಲು ಪಟ್ಟಿಯಾಗಲಿ.

ಕೊಳ್ಳುವಾಗಲೇ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ತೆಳುವಾದ ಹಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿರುವುದರಿಂದ ಮುಂದೆ ಹೆಚ್ಚಿಸಲು ಆಗದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ ಸುಮಾರು 25 ಎಂಬಿ ಎಂದು ಹಿಡಿದರೆ 3,000 ಚಿತ್ರಗಳ ಒಂದು ಮದುವೆಗೆ 75 ಜಿಬಿ ಬೇಕು. 512 ಜಿಬಿಯ ಯಂತ್ರವು ಐದಾರು ಮದುವೆಗೆ ತುಂಬಿಹೋಗುತ್ತದೆ. 2024ರಿಂದ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುತ್ತಿರುವ ಸ್ನ್ಯಾಪ್‌ಡ್ರಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳು ಬ್ಯಾಟರಿಯ ವಿಷಯದಲ್ಲಿ ಉತ್ತಮವೇ. ಆದರೆ ಅವುಗಳಿಗೆಂದೇ ಸಿದ್ಧಪಡಿಸಿದ ಡ್ರೈವರ್ ಇಲ್ಲದ ಹಳೆಯ ಮುದ್ರಕಗಳು, ಬಣ್ಣ ಅಳೆಯುವ ಉಪಕರಣಗಳು ಕೆಲಸ ಮಾಡುವುದಿಲ್ಲ. ಹಣ ಕೊಡುವ ಮುನ್ನ ತಮ್ಮಲ್ಲಿರುವ ಮುದ್ರಕದ ಹೆಸರನ್ನು ಹೇಳಿ ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಯಾವಾಗ ಬದಲಿಸಬೇಕು ಎಂಬುದು ಏನನ್ನು ಕೊಳ್ಳಬೇಕು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ. ರಾಜ್ಯದ ವರ್ತಕರಲ್ಲಿ ಹೊಸ ಯಂತ್ರವನ್ನು ಆಯುಧ ಪೂಜೆಗೆ ತಂದು ಪೂಜಿಸುವ ಸಂಪ್ರದಾಯವಿದೆ. ಪೂಜೆಗೆ ಯಾರ ಆಕ್ಷೇಪವೂ ಇಲ್ಲ. ಆದರೆ ದೀಪಾವಳಿಯ ಮಾರಾಟಕ್ಕೆ ಮೂರು ವಾರ ಮಾತ್ರವಿರುವಾಗ, ಮದುವೆಯ ಋತು ಬಾಗಿಲಲ್ಲಿ ನಿಂತಿರುವಾಗ, ಮೇಲೆ ಹೇಳಿದ ಮೂರು ವಾರಗಳ ನಿಧಾನವನ್ನು ಮೈಮೇಲೆ ಎಳೆದುಕೊಳ್ಳುವುದು ವಿವೇಕವಲ್ಲ. ಮಾರ್ಚ್ 31ರಂದು 'ಸವಕಳಿಗಾಗಿ' ಕೊಳ್ಳುವ ಪದ್ಧತಿ ಇನ್ನೊಂದು. ಇದರ ಲಾಭವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಹೇಳಲಾಗುತ್ತದೆ.

ಗಣಕಯಂತ್ರ ಮತ್ತು ತಂತ್ರಾಂಶಗಳಿಗೆ ಆದಾಯ ತೆರಿಗೆಯಲ್ಲಿ ಹಿಂದೆ ಶೇ. 60ರಷ್ಟಿದ್ದ ಸವಕಳಿಯನ್ನು 2017-18ನೇ ಹಣಕಾಸು ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಅವಧಿಗೆ ಉಪಯೋಗಿಸಿದರೆ ದೊರೆಯುವುದು ಅರ್ಧ ಮಾತ್ರ. 2025ರಲ್ಲಿ ಆಯುಧ ಪೂಜೆ ಅಕ್ಟೋಬರ್ 1ರಂದು ಬಂದಿತು. ಆ ದಿನದಿಂದ ವರ್ಷಾಂತ್ಯಕ್ಕೆ 182 ದಿನ. 80,000 ರೂಪಾಯಿಯ ಯಂತ್ರಕ್ಕೆ 32,000 ರೂಪಾಯಿ ಸವಕಳಿ. 2024ರಲ್ಲಿ ಅದೇ ಹಬ್ಬ ಅಕ್ಟೋಬರ್ 11ರಂದು ಬಂದಿತ್ತು. ಉಳಿದ ದಿನಗಳು 172, ಸವಕಳಿ 16,000. ಪಂಚಾಂಗದ ಹತ್ತು ದಿನಗಳ ವ್ಯತ್ಯಾಸಕ್ಕೆ ಅರ್ಧ ಕಡಿತವೇ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋಯಿತೇ ಹೊರತು ನಷ್ಟವಾಗಲಿಲ್ಲ ಎಂಬುದನ್ನೂ ಹೇಳಬೇಕು. ಉಳಿದ ಮೌಲ್ಯದ ಮೇಲೆ ಮುಂದಿನ ವರ್ಷಗಳಲ್ಲಿ ಸವಕಳಿ ದೊರೆಯುತ್ತದೆ. ವಹಿವಾಟಿನ ಶೇಕಡಾವಾರು ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವರ್ತಕರಿಗಂತೂ ಸವಕಳಿಯು ಆ ಅಂದಾಜಿನಲ್ಲಿಯೇ ಅಡಕವಾಗಿದೆ ಎಂದು ಪರಿಗಣಿಸಲಾಗುವುದರಿಂದ, ಮಾರ್ಚ್ ಕೊನೆಯ ಧಾವಂತದಿಂದ ಅವರಿಗೆ ಕಾಸಿನ ಪ್ರಯೋಜನವಿಲ್ಲ.

ಹಾಗಾದರೆ ಸೂಕ್ತ ಕಾಲ ಯಾವುದು? ಆಷಾಢ. ಶುಭಕಾರ್ಯಕ್ಕೆ ಬಾರದ ಮಾಸವೆಂದು ಜನರು ದೂರವಿಡುವ ತಿಂಗಳೇ ಈ ಕೆಲಸಕ್ಕೆ ಅತ್ಯುತ್ತಮ. ಮದುವೆಗಳಿಲ್ಲದೆ ಸ್ಟುಡಿಯೋಗಳು ಬಿಡುವಾಗಿರುತ್ತವೆ. ಜವಳಿಯವರಿಗೆ ರಿಯಾಯಿತಿ ಮಾರಾಟದ ಗದ್ದಲವಿದ್ದರೂ ಹೊಸ ಸರಕಿನ ಚಿತ್ರಗಳ ಒತ್ತಡ ಶ್ರಾವಣದ ವರಮಹಾಲಕ್ಷ್ಮಿಯ ಹೊತ್ತಿಗೆ ಬರುತ್ತದೆ. ಆಷಾಢದ ಆರಂಭದಲ್ಲಿ ತಂದ ಯಂತ್ರವು ಶ್ರಾವಣಕ್ಕೆ ಕೈಗೆ ಹೊಂದಿಕೊಂಡಿರುತ್ತದೆ, ಪೂರ್ಣ ವರ್ಷದ ಸವಕಳಿಯೂ ದೊರೆಯುತ್ತದೆ. ಪೂಜೆಯನ್ನು ಆಯುಧ ಪೂಜೆಯ ದಿನವೇ ಮಾಡಬಹುದು. ಮೂರು ತಿಂಗಳು ದುಡಿದ ಆಯುಧಕ್ಕೆ ಸಲ್ಲುವ ಪೂಜೆ ಹೆಚ್ಚು ಸಾರ್ಥಕ.

ತೆರಿಗೆಯ ಬಗ್ಗೆ ಎರಡು ಮಾತು ಸಾಕು. ಲ್ಯಾಪ್‌ಟಾಪಿಗೆ ಶೇ. 18 ಜಿಎಸ್‌ಟಿ. 80,000 ರೂಪಾಯಿಗೆ 14,400. ಸಾಮಾನ್ಯ ನೋಂದಣಿಯ ವರ್ತಕರು ಇದನ್ನು ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆಯಬಹುದು, ಬಿಲ್ಲಿನಲ್ಲಿ ತಮ್ಮ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇದ್ದರೆ. ಮಗನ ಹೆಸರಿನ ಖಾತೆಯಿಂದ ಅಂತರಜಾಲದಲ್ಲಿ ಐನೂರು ರೂಪಾಯಿ ಅಗ್ಗಕ್ಕೆ ತರಿಸಿ 14,400ನ್ನು ಕಳೆದುಕೊಂಡವರು ಕಡಿಮೆಯಿಲ್ಲ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಯೋಜನೆಯವರಿಗೆ ಜಮೆಯೇ ಇಲ್ಲ, ಅವರ ಪಾಲಿಗೆ ಯಂತ್ರದ ಬೆಲೆ 94,400.

ತಂತ್ರಾಂಶದ ಲೆಕ್ಕವೂ ಬದಲಾಗಿದೆ. ಅಡೋಬಿ ಸಂಸ್ಥೆಯು ಫೋಟೋಶಾಪನ್ನು ಒಮ್ಮೆ ಕೊಂಡು ಎಂದೆಂದಿಗೂ ಬಳಸುವ ರೂಪದಲ್ಲಿ ಮಾರಿದ್ದು 2012ರ ಸಿಎಸ್6 ಆವೃತ್ತಿಯವರೆಗೆ. 2013ರಿಂದ ಅದು ಚಂದಾ ಪದ್ಧತಿಗೆ ಹೋಯಿತು. ಮೊದಲು ಬಂಡವಾಳ ವೆಚ್ಚವಾಗಿದ್ದದ್ದು ಈಗ ಬಾಡಿಗೆಯಂತೆ ವರ್ಷವರ್ಷವೂ ಬರುವ ಖರ್ಚು. ಇದನ್ನು ತಪ್ಪಿಸಲು ಅಂಗಡಿಯವನೇ 'ಹಾಕಿಕೊಡುವ' ಕಳ್ಳ ಪ್ರತಿಯನ್ನು ಒಪ್ಪುವುದು ಬಹಳ ಕಡೆ ನಡೆದಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಕಳ್ಳ ಪ್ರತಿಯೊಂದಿಗೆ ಬಂದ ಕೀಟವೊಂದು ಮದುವೆಯ ಚಿತ್ರಗಳನ್ನೂ ಪಕ್ಕದಲ್ಲಿರುವ ಟ್ಯಾಲಿಯ ಲೆಕ್ಕವನ್ನೂ ಒಟ್ಟಿಗೆ ನುಂಗಬಲ್ಲದು. ಚಂದಾ ಭಾರವೆನಿಸಿದವರಿಗೆ ಗಿಂಪ್, ಡಾರ್ಕ್‌ಟೇಬಲ್‌ಗಳಂತಹ ಉಚಿತ ತಂತ್ರಾಂಶಗಳಿವೆ. ಕಲಿಯಲು ಸಮಯ ಬೇಕು, ಆ ಸಮಯವನ್ನೂ ಆಷಾಢದ ಲೆಕ್ಕಕ್ಕೆ ಸೇರಿಸಬೇಕು.

ಉಳಿದದ್ದು ಹಳೆಯ ಯಂತ್ರ. ಹೊಸದನ್ನು ಕೊಳ್ಳುವ ದಿನವೇ ಹಳೆಯದನ್ನು ಬದಲಿಗೆ ಕೊಟ್ಟುಬರುವುದು ವರ್ತಕರ ಸಾಮಾನ್ಯ ನಡತೆ. ಶೇ. 40ರಂತೆ ಸವಕಳಿ ಕಳೆದರೆ ನೂರು ರೂಪಾಯಿಯ ಯಂತ್ರ ಐದು ವರ್ಷಗಳ ನಂತರ ಪುಸ್ತಕದಲ್ಲಿ ಎಂಟು ರೂಪಾಯಿಗೂ ಕಡಿಮೆ. ಅಂಗಡಿಯವನು ಕೊಡುವ ಬೆಲೆಯೂ ಅಲ್ಪವೇ. ಆ ಅಲ್ಪ ಹಣಕ್ಕಿಂತ, ಕನಿಷ್ಠ ಎರಡು ತಿಂಗಳು ಹಳೆಯದು ಪಕ್ಕದಲ್ಲಿದ್ದು ಫಾಂಟು, ಆಯ್ಕೆ, ಕಡತಗಳನ್ನು ಒಂದೊಂದಾಗಿ ಹೋಲಿಸಲು ಒದಗುವುದರ ಬೆಲೆ ಹೆಚ್ಚು. ನಂತರ ಕೊಡುವಾಗಲೂ ಅದು ತೆರಿಗೆಯ ದೃಷ್ಟಿಯಲ್ಲಿ ಒಂದು ಮಾರಾಟವೆಂಬುದನ್ನು ನೆನಪಿಟ್ಟು, ಹಿಂದೆ ಜಮೆ ಪಡೆದಿದ್ದವರು ತಮ್ಮ ಲೆಕ್ಕ ಪರಿಶೋಧಕರನ್ನು ವಿಚಾರಿಸಿಯೇ ಮುಂದುವರಿಯಬೇಕು.

ಆ ಯಂತ್ರದೊಳಗೆ ಇರುವುದು ವರ್ತಕನ ಸ್ವತ್ತು ಮಾತ್ರವಲ್ಲ. ನೂರಾರು ಮನೆಗಳ ಮದುವೆ, ಸೀಮಂತ, ನಾಮಕರಣದ ಚಿತ್ರಗಳು, ವಿಳಾಸಗಳು, ಮೊಬೈಲ್ ಸಂಖ್ಯೆಗಳು ಅದರಲ್ಲಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂತಹ ಮಾಹಿತಿಯನ್ನು ಇಟ್ಟುಕೊಂಡವರ ಮೇಲೆ ಅದನ್ನು ಕಾಪಾಡುವ ಹೊಣೆಯನ್ನು ಹೊರಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ಗಿರಾಕಿಯ ಮನೆಯ ಹೆಣ್ಣುಮಕ್ಕಳ ಚಿತ್ರಗಳು ಗುಜರಿ ಅಂಗಡಿಗೆ ಹೋಗಬಾರದು. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ, ಅವನ್ನು ಮರಳಿ ತೆಗೆಯಬಲ್ಲ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಡಿಸ್ಕನ್ನು ಬಿಚ್ಚಿ ತೆಗೆಯಲು ಬರುವ ಯಂತ್ರವಾದರೆ ಅದನ್ನು ತೆಗೆದು ಬೀರುವಿನಲ್ಲಿಟ್ಟು, 'ಡಿಸ್ಕ್ ರಹಿತ' ಎಂದು ಬದಲಿ ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಉತ್ತಮ. ಅಂಗಡಿಯವನು ಅದಕ್ಕಾಗಿ ಐನೂರೋ ಸಾವಿರವೋ ಕಡಿಮೆ ಕೊಟ್ಟರೂ ಚಿಂತೆಯಿಲ್ಲ.